ಅವ್ವನಿಗೆ ಮತ್ತೆ ಮತ್ತೆ ಉರಿಮೂತ್ರ: ಮನೆಯವರು ಏನು ಮಾಡಬೇಕು

ಅವ್ವನ ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಕೂಲಿಯವರಿಗೆ ಕೊಟ್ಟ ದುಡ್ಡು ಎಲ್ಲಾ ಅದರಲ್ಲೇ. ಎರಡು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೋಗಿದ್ದೆ. ಹೊಸ ಕ್ಯಾಲೆಂಡರ್ ಹಿಂದೆ ಹಳೆಯದೂ ನೇತಾಡುತ್ತಿತ್ತು. ಸುಮ್ನೆ ತಿರುವಿ ನೋಡಿದೆ. ನಾಲ್ಕು ತಿಂಗಳ ಹಾಳೆಯಲ್ಲಿ ಪೆನ್ಸಿಲ್‌ನಿಂದ 'ಉರಿ' ಅಂತ ಬರೆದಿತ್ತು.

ಕೇಳಿದರೆ ಅವ್ವ ಮುಖ ತಿರುಗಿಸಿದಳು. "ಒಂದಕ್ಕೆ ಹೋದ್ರೆ ಬೆಂಕಿ ಇಟ್ಟಂಗೆ ಆಯ್ತದೆ ಕಣವ್ವ. ಇದ್ನೆಲ್ಲ ಫೋನ್‌ನಾಗೆ ಏನಂತ ಹೇಳ್ಲಿ? ಉಷ್ಣ, ವಯಸ್ಸಾದ್ಮೇಲೆ ಎಲ್ರಿಗೂ ಬತ್ತದೆ." ನಾಲ್ಕು ಸಲವೂ ಮೆಡಿಕಲ್ ಸ್ಟೋರಿನಿಂದ ಅದೇ ಮಾತ್ರೆ ತರಿಸಿಕೊಂಡಿದ್ದಳು. ಎರಡು ದಿನ ನುಂಗಿ, ಉರಿ ಕಡಿಮೆ ಆದ ತಕ್ಷಣ ಬಿಟ್ಟಿದ್ದಳು. ಉಳಿದ ಮಾತ್ರೆ ಡಬ್ಬಿಯಲ್ಲಿ, ಮುಂದಿನ ಸಲಕ್ಕೆ. ಒಂದೇ ಒಂದು ಸಲ ಕೂಡ ಮೂತ್ರ ಪರೀಕ್ಷೆ ಆಗಿರಲಿಲ್ಲ.

ನಾನು ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಡಾಕ್ಟರ್ ಅಲ್ಲ. ಅವ್ವನಿಗೆ ಈಗ 74, ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ತಮ್ಮನ ಜೊತೆ ಇದ್ದಾಳೆ. ಶುಗರ್ ಇದೆ, ಬಿಪಿ ಇದೆ, ಮಂಡಿನೋವು ಇದೆ. ಈ ಎರಡು ವರ್ಷದಲ್ಲಿ ಡಾಕ್ಟರುಗಳನ್ನು ಕೇಳಿ ಕೇಳಿ, ಓದಿ, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಅವ್ವನೋ ಅತ್ತೆಯೋ ಇದನ್ನು ಮುಚ್ಚಿಟ್ಟುಕೊಂಡು ಕೂತಿದ್ದರೆ, ಅವರಿಗಾಗಿ ಓದಿ.

ಮೊದಲು ಒಂದು ಮಾತು ಅವರಿಗೆ ಹೇಳಿಬಿಡಿ. ಇದು ಕೊಳಕಿನಿಂದ ಬರುವ ಕಾಯಿಲೆ ಅಲ್ಲ. ಹೆಂಗಸರ ಮೂತ್ರನಾಳ ಬರೀ 4 ಸೆಂಟಿಮೀಟರ್‌ನಷ್ಟು ಉದ್ದ. ಮಲದ್ವಾರ ಅದರ ಹತ್ತಿರದಲ್ಲೇ ಇದೆ. ನಮ್ಮ ಕರುಳಿನಲ್ಲಿ ಯಾವಾಗಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಆ ಸಣ್ಣ ದಾರಿಯಲ್ಲಿ ಮೇಲೆ ಹತ್ತಿ ಮೂತ್ರಕೋಶ ಸೇರುತ್ತದೆ. ಈ ಉರಿಗೆ ಕಾರಣವಾಗುವ ಮೂತ್ರದ ಇನ್ಫೆಕ್ಷನ್ ಬಹುಪಾಲು ಆಗುವುದು ಹೀಗೆ. ದಿನಕ್ಕೆ ಎರಡು ಸಲ ಸ್ನಾನ ಮಾಡುವವರಿಗೂ ಬರುತ್ತದೆ. ನಮ್ಮ ಅವ್ವ ಎಷ್ಟು ನಾಚಿಕೆ ಪಟ್ಟಿದ್ದಳು ಅಂದರೆ, ಉರಿ ಬಂದಾಗೆಲ್ಲ ಬಿಸಿನೀರಿಗೆ ಡೆಟಾಲ್ ಹಾಕಿ ತೊಳೆದುಕೊಳ್ಳುತ್ತಿದ್ದಳಂತೆ. ಅದರಿಂದ ಅಲ್ಲಿನ ಚರ್ಮ ಇನ್ನಷ್ಟು ಕೆಟ್ಟಿತ್ತು.

ಎಷ್ಟು ಸಲ ಬಂದರೆ 'ಮತ್ತೆ ಮತ್ತೆ' ಅನ್ನಬೇಕು? ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ. ಡಾಕ್ಟರುಗಳು ಇಟ್ಟುಕೊಂಡಿರುವ ಲೆಕ್ಕ ಇದು. ಅಷ್ಟು ಬಂದಿದ್ದರೆ ಬರೀ ಮಾತ್ರೆ ಕೊಟ್ಟು ಕಳಿಸುವುದು ಸಾಲದು, ಯಾಕೆ ಬರುತ್ತಿದೆ ಅಂತ ಹುಡುಕಬೇಕು. ಅದಕ್ಕೆ ತಾರೀಖು ಬೇಕು. ಕ್ಯಾಲೆಂಡರ್‌ನಲ್ಲೇ ಬರೆಯಿರಿ: ಯಾವತ್ತು ಶುರುವಾಯಿತು, ಏನೇನು ತೊಂದರೆ ಇತ್ತು, ಯಾವ ಮಾತ್ರೆ, ಎಷ್ಟು ದಿನ. ಎರಡು ವಾರದ ಒಳಗೆ ಅದೇ ಬ್ಯಾಕ್ಟೀರಿಯಾ ವಾಪಸ್ ಬಂದಿದೆಯೋ, ಎರಡು ತಿಂಗಳು ಬಿಟ್ಟು ಹೊಸದಾಗಿ ಬಂದಿದೆಯೋ ಅನ್ನುವುದು ಡಾಕ್ಟರಿಗೆ ತುಂಬಾ ಮುಖ್ಯ. ಬೇಗ ಬೇಗ ಅದೇ ಬರುತ್ತಿದ್ದರೆ ಒಳಗೆ ಕಲ್ಲು ಇರಬಹುದು, ಇಲ್ಲವೇ ಔಷಧ ಸರಿಯಾಗಿ ಹೊಂದಿಲ್ಲದೇ ಇರಬಹುದು. ಅವ್ವನ ಆ ನಾಲ್ಕು ಪೆನ್ಸಿಲ್ ಗುರುತು ನೋಡಿಯೇ ಡಾಕ್ಟರಮ್ಮ ಸ್ಕ್ಯಾನಿಂಗ್ ಬರೆದುಕೊಟ್ಟರು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಆಂಟಿಬಯೋಟಿಕ್ ನುಂಗುವ ಮೊದಲು ಯೂರಿನ್ ಕಲ್ಚರ್‌ಗೆ ಕೊಡಿ. ಮಾಮೂಲಿ ಯೂರಿನ್ ಟೆಸ್ಟ್ ಬೇರೆ, ಕಲ್ಚರ್ ಬೇರೆ. ಕಲ್ಚರ್‌ನಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಅಂತ ನೋಡುತ್ತಾರೆ. ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯ ತನಕ ನೋವು ತಡೆದುಕೊಂಡು ಕೂರಬೇಕು ಅಂತಲ್ಲ. ಸ್ಯಾಂಪಲ್ ಕೊಟ್ಟ ಮೇಲೆ ಡಾಕ್ಟರ್ ಹೇಳಿದ ಮಾತ್ರೆ ಶುರು ಮಾಡಬಹುದು. ವರದಿ ಬಂದ ಮೇಲೆ ಬೇಕಿದ್ದರೆ ಅವರು ಬದಲಾಯಿಸುತ್ತಾರೆ. ಒಂದು ಡೋಸ್ ಹೊಟ್ಟೆಗೆ ಹೋದ ಮೇಲೆ ಸ್ಯಾಂಪಲ್ ಕೊಟ್ಟರೆ ಏನೂ ಬೆಳೆಯದೇ ಇರಬಹುದು. ಆಗ ಮತ್ತೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸ್ಯಾಂಪಲ್ ಹಿಡಿಯುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಡಬ್ಬಿ ಕೈಗೆ ಕೊಟ್ಟು "ಹಿಡ್ಕೊಂಡು ಬನ್ನಿ ಅಜ್ಜಿ" ಅನ್ನುತ್ತಾರೆ. ಮಂಡಿ ಬಗ್ಗದ ಹೆಂಗಸು ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಲ್ಯಾಬಿನ ಸಣ್ಣ ಟಾಯ್ಲೆಟ್‌ನಲ್ಲಿ ಏನು ತಾನೇ ಮಾಡಿಯಾಳು? ಅವ್ವನ ಮೊದಲ ಸ್ಯಾಂಪಲ್ ಹಾಗೇ ಹಾಳಾಯಿತು. ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತಿವೆ, ಮತ್ತೆ ಕಳಿಸಿ ಅಂತ ವರದಿ ಬಂತು. ಚರ್ಮದ ಮೇಲಿನದೆಲ್ಲ ಡಬ್ಬಿಗೆ ಸೇರಿದರೆ ಹಾಗೆ ಬರುತ್ತದೆ. ಎರಡನೇ ಸಲ ನಾನೇ ಜೊತೆಗೆ ನಿಂತೆ. ಹೀಗೆ ಮಾಡಿ.

ಮೆಡಿಕಲ್ ಸ್ಟೋರಿನಲ್ಲಿ ಸೀಲ್ ಇರುವ ಸ್ಟೆರೈಲ್ (ರೋಗಾಣು ಇಲ್ಲದ) ಡಬ್ಬಿ ಕೇಳಿ ಮೊದಲೇ ಮನೆಯಲ್ಲಿ ಇಟ್ಟುಕೊಳ್ಳಿ. ತೊಳೆದ ಜಾಮ್ ಬಾಟಲಿ ನಡೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಒಳ್ಳೆಯದು. ಕಮೋಡ್ ಮೇಲೆ ಕಾಲು ಅಗಲ ಮಾಡಿ ಕೂರಿಸಿ. ಬರೀ ನೀರಿನಲ್ಲಿ ತೊಳೆದು, ಒಂದು ಕೈಯಿಂದ ಅಲ್ಲಿನ ಚರ್ಮವನ್ನು ಎರಡೂ ಕಡೆಗೆ ಬಿಡಿಸಿ ಹಿಡಿದುಕೊಳ್ಳಲಿ. ಮೊದಲು ಸ್ವಲ್ಪ ಹೋಗಲು ಬಿಡಿ. ನಿಲ್ಲಿಸದೆ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಕೊನೆಯದು ಬೇಡ. ಡಬ್ಬಿಯ ಅಂಚು ಮೈಗೆ ತಾಗಬಾರದು, ಒಳಗೆ ಬೆರಳು ಹೋಗಬಾರದು. ಹಿಡಿಯುವ ಕೆಲಸ ನೀವು ಮಾಡಿದರೆ ಅವರಿಗೆ ಎಷ್ಟೋ ಸುಲಭ. ಅವ್ವ ಮೊದಲು ಬೇಡವೇ ಬೇಡ ಅಂದಳು. "ನನ್ನ ಎಷ್ಟು ವರ್ಷ ನೀನು ತೊಳೆದಿದ್ದೀಯ" ಅಂದೆ. ಸುಮ್ಮನಾದಳು.

ಆಮೇಲೆ ಡಬ್ಬಿಯನ್ನು ಒಂದು ಗಂಟೆಯ ಒಳಗೆ ಲ್ಯಾಬಿಗೆ ಮುಟ್ಟಿಸಿ. ಹಳ್ಳಿಯಿಂದ ಬಸ್ ಕಾಯ್ದು ಪಾಂಡವಪುರಕ್ಕೋ ಮಂಡ್ಯಕ್ಕೋ ಹೋಗುವಷ್ಟರಲ್ಲಿ ಎರಡು ಗಂಟೆ ಆಗುತ್ತದೆ ಅಂದರೆ ಫ್ರಿಜ್‌ನಲ್ಲಿ ಇಡಿ, ಫ್ರೀಜರ್‌ನಲ್ಲಿ ಅಲ್ಲ. ತಣ್ಣಗೆ ಇದ್ದರೆ 24 ಗಂಟೆಯ ತನಕ ತಡೆಯುತ್ತದೆ. ತಮ್ಮ ಈಗ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಐಸ್ ಜೊತೆ ಅಗಲ ಬಾಯಿಯ ಹಳೆಯ ಥರ್ಮಾಸ್‌ನಲ್ಲಿ ತೆಗೆದುಕೊಂಡು ಹೋಗುತ್ತಾನೆ. ಬೇಸಿಗೆಯ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ದಾರಿಯಲ್ಲೇ ಬೆಳೆದು ವರದಿ ಸುಳ್ಳು ಹೇಳುತ್ತದೆ.

ವರದಿಯಲ್ಲಿ ಔಷಧಗಳ ಉದ್ದ ಪಟ್ಟಿ ಇರುತ್ತದೆ. ಎದುರಿಗೆ ಎಸ್ ಅಂತ ಇದ್ದರೆ ಆ ಔಷಧ ಕೆಲಸ ಮಾಡುತ್ತದೆ, ಆರ್ ಇದ್ದರೆ ಮಾಡುವುದಿಲ್ಲ. ಅವ್ವ ನಾಲ್ಕು ಸಲ ನುಂಗಿದ್ದ ಮಾತ್ರೆಯ ಎದುರಿಗೆ ಆರ್ ಇತ್ತು. ಆ ವರದಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ತೋರಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಉರಿ ಇಲ್ಲ, ಜ್ವರ ಇಲ್ಲ, ಪದೇ ಪದೇ ಹೋಗಬೇಕು ಅನ್ನಿಸುತ್ತಿಲ್ಲ. ಆದರೆ ಯಾವುದೋ ಬೇರೆ ಕಾರಣಕ್ಕೆ ಮಾಡಿಸಿದ ಟೆಸ್ಟ್‌ನಲ್ಲಿ ಪಸ್ ಸೆಲ್ಸ್ (ಕೀವಿನ ಕಣ) ಜಾಸ್ತಿ, ಬ್ಯಾಕ್ಟೀರಿಯಾ ಇದೆ ಅಂತ ಬರುತ್ತದೆ. ವಯಸ್ಸಾದ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ. ತೊಂದರೆ ಏನೂ ಇಲ್ಲದಿದ್ದರೆ ಇದಕ್ಕೆ ಆಂಟಿಬಯೋಟಿಕ್ ಬೇಡ. ಮೂತ್ರಕೋಶದ ಒಳಗೆ ಏನಾದರೂ ಆಪರೇಷನ್ ಮಾಡುವ ಮೊದಲು ಮಾತ್ರ ಬೇರೆ ಲೆಕ್ಕ. ಮೂತ್ರ ವಾಸನೆ ಬಂತು, ಸ್ವಲ್ಪ ಕದಡಿದೆ ಅನ್ನುವುದೂ ಒಂದೇ ಕಾರಣ ಆಗಬಾರದು, ನೀರು ಕಡಿಮೆ ಕುಡಿದರೂ ಹಾಗಾಗುತ್ತದೆ. ಬೇಡದ ಮಾತ್ರೆ ನುಂಗಿದಷ್ಟೂ, ಬೇಕಾದಾಗ ಕೆಲಸ ಮಾಡುವ ಮಾತ್ರೆ ಉಳಿಯುವುದಿಲ್ಲ. ಹಾಗೆಯೇ, ಕೋರ್ಸ್ ಮುಗಿದು ಹುಷಾರಾದ ಮೇಲೆ 'ಹೋಯಿತೋ ಇಲ್ಲವೋ' ಅಂತ ಮತ್ತೆ ಟೆಸ್ಟ್ ಮಾಡಿಸುತ್ತಾ ಕೂರಬೇಡಿ.

ಮಾತ್ರೆಗಳ ಬಗ್ಗೆ. ಯಾವುದು ಅಂತ ಡಾಕ್ಟರೇ ಹೇಳಬೇಕು. ಬರೀ ಮೂತ್ರಕೋಶದ ಇನ್ಫೆಕ್ಷನ್ ಆಗಿದ್ದರೆ ಸಾಮಾನ್ಯವಾಗಿ ನೈಟ್ರೋಫ್ಯುರಾಂಟೊಯಿನ್ 100 ಎಂಜಿ ದಿನಕ್ಕೆ ಎರಡರಂತೆ ಐದು ದಿನ, ಇಲ್ಲವೇ ಫಾಸ್ಫೋಮೈಸಿನ್ 3 ಗ್ರಾಂ ಪುಡಿ ಒಂದೇ ಸಲ ಬರೆಯುತ್ತಾರೆ. ಮೊದಲನೆಯದನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕಿಡ್ನಿ ತುಂಬಾ ವೀಕ್ ಇದ್ದವರಿಗೆ ಅದು ಆಗುವುದಿಲ್ಲ, ಆದ್ದರಿಂದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ವರದಿ ಇದ್ದರೆ ಜೊತೆಗೆ ಒಯ್ಯಿರಿ. ಅವ್ವ ನುಂಗುತ್ತಿದ್ದದ್ದು 'ಫ್ಲಾಕ್ಸಾಸಿನ್' ಅಂತ ಹೆಸರು ಮುಗಿಯುವ ಜಾತಿಯದು. ಅವು ಕೆಲವು ಸಲ ಬೇಕೇ ಬೇಕಾಗುತ್ತವೆ. ಆದರೆ ವಯಸ್ಸಾದವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಹರಿಯುವುದು, ಗೊಂದಲ, ಶುಗರ್ ಮಾತ್ರೆ ತಿನ್ನುವವರಿಗೆ ದಿಢೀರ್ ಲೋ ಶುಗರ್ ಇವೆಲ್ಲ ಆಗಬಹುದು. ಬೇರೆ ಔಷಧ ಇರುವಾಗ ಸಾಮಾನ್ಯ ಉರಿಮೂತ್ರಕ್ಕೆ ಇವನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿದೆ.

ಉರಿಗೆ ಅಂತ ಒಂದು ಸಿಹಿ ಸಿರಪ್ ಕೊಡುತ್ತಾರಲ್ವಾ, ನೀರಿಗೆ ಬೆರೆಸಿ ಕುಡಿಯುವುದು? ಅದು ಮೂತ್ರದ ಹುಳಿ ಕಡಿಮೆ ಮಾಡಿ ಉರಿ ತಗ್ಗಿಸುತ್ತದೆ, ಅಷ್ಟೇ. ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅದರಲ್ಲಿ ಸೋಡಿಯಂ ಇರುತ್ತದೆ, ಬಿಪಿ ಮತ್ತು ಹಾರ್ಟ್ ತೊಂದರೆ ಇದ್ದವರಿಗೆ ಒಳ್ಳೆಯದಲ್ಲ. ಇನ್ನೂ ಒಂದು ವಿಷಯ: ಮೂತ್ರದ ಹುಳಿ ಕಡಿಮೆ ಆದರೆ ನೈಟ್ರೋಫ್ಯುರಾಂಟೊಯಿನ್‌ನ ಶಕ್ತಿಯೂ ತಗ್ಗುತ್ತದೆ. ನಮ್ಮ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಿದ್ದೆವು. ಎರಡೂ ಚೀಟಿಯಲ್ಲಿ ಇದ್ದರೆ ಡಾಕ್ಟರನ್ನು ಒಮ್ಮೆ ಕೇಳಿ.

ಐದನೇ ಸಲದ ಕಥೆ ಹೇಳುತ್ತೇನೆ. ಅದೇ ವರ್ಷ ಮೇ ತಿಂಗಳು. ರಾತ್ರಿ ಹನ್ನೊಂದಕ್ಕೆ ತಮ್ಮ ಫೋನ್ ಮಾಡಿದ. "ಅಕ್ಕ, ಅವ್ವ ಅಪ್ಪನಿಗೆ ಮುದ್ದೆ ಹಾಕಿದ್ರಾ ಅಂತ ಕೇಳ್ತಾವ್ಳೆ." ಅಪ್ಪ ಹೋಗಿ ಒಂಬತ್ತು ವರ್ಷ ಆಗಿತ್ತು. ಮೈ ನಡುಗುವ ಚಳಿಜ್ವರ, ಸೊಂಟದ ಮೇಲೆ ಬಲಗಡೆ ನೋವು, ಎರಡು ಸಲ ವಾಂತಿ. ಬೆಳಗಾಗಲಿ ಅಂತ ಕಾಯಲಿಲ್ಲ, 108ಕ್ಕೆ ಫೋನ್ ಮಾಡಿ ಮಂಡ್ಯಕ್ಕೆ ಕರೆದುಕೊಂಡು ಹೋದ. ಇನ್ಫೆಕ್ಷನ್ ಕಿಡ್ನಿಗೆ ಏರಿತ್ತು. ನಾಲ್ಕು ದಿನ ಡ್ರಿಪ್ ಹಾಕಿದರು. ಇನ್ನೂ ತಡ ಮಾಡಿದ್ದರೆ ರಕ್ತಕ್ಕೆ ಸೇರುತ್ತಿತ್ತು ಅಂದರು.

ಆದ್ದರಿಂದ ಇಷ್ಟು ನೆನಪಿರಲಿ. ಚಳಿಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದ ನೋವು, ವಾಂತಿ, ದಿಢೀರ್ ಗೊಂದಲ, ಮೂತ್ರ ತುಂಬಾ ಕಡಿಮೆ ಆಗುವುದು, ತಲೆಸುತ್ತಿ ಬೀಳುವುದು: ಇವು ಬಂದರೆ ಮನೆಮದ್ದೂ ಬೇಡ, ಹಳೆಯ ಮಾತ್ರೆಯೂ ಬೇಡ, ಆಗಲೇ ಆಸ್ಪತ್ರೆ. ಮೂತ್ರದಲ್ಲಿ ರಕ್ತ ಕಂಡರೆ, ನೋವು ಇಲ್ಲದಿದ್ದರೂ, ಒಮ್ಮೆ ಪೂರ್ತಿ ತಪಾಸಣೆ ಮಾಡಿಸಲೇಬೇಕು. ಇನ್ಫೆಕ್ಷನ್ ಅಂತಲೇ ಅಂದುಕೊಂಡು ಬಿಡಬೇಡಿ, ಮೂತ್ರಕೋಶದ ಗಡ್ಡೆಯೂ ಹಾಗೇ ತೋರಿಸಿಕೊಳ್ಳುತ್ತದೆ. ಇನ್ನು ಗೊಂದಲದ ವಿಷಯ. ಉರಿ, ಜ್ವರ ಏನೂ ಇಲ್ಲದೆ ಬರೀ ಮಾತು ತಪ್ಪುತ್ತಿದ್ದರೂ ಡಾಕ್ಟರಿಗೆ ತೋರಿಸಲು ತಡ ಮಾಡಬೇಡಿ. ಆದರೆ ಅದನ್ನು ನೇರವಾಗಿ ಯೂರಿನ್ ಇನ್ಫೆಕ್ಷನ್‌ಗೆ ಕಟ್ಟಬೇಡಿ. ಶುಗರ್ ಇಳಿದಿರಬಹುದು, ನೀರು ಕಡಿಮೆ ಆಗಿರಬಹುದು, ಹೊಸ ನಿದ್ದೆ ಮಾತ್ರೆ ಇರಬಹುದು, ಪಾರ್ಶ್ವವಾಯು ಕೂಡ ಇರಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಬಂದೆ. ಅಲ್ಲಿ ಒಬ್ಬ ಹೆರಿಗೆ ಡಾಕ್ಟರಮ್ಮನ ಹತ್ತಿರ ತೋರಿಸಿದೆವು. "ಹೆರಿಗೆ ಡಾಕ್ಟ್ರ ತಾವ ನನಗೇನವ್ವ ಕೆಲಸ ಈ ವಯಸ್ಸಲ್ಲಿ" ಅಂತ ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೈ ತೊಳೆದು ಬಂದು, ಅವ್ವನ ಪಕ್ಕದಲ್ಲೇ ಕೂತು ಹೇಳಿದರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆ ಆಗುತ್ತದೆ. ಅಲ್ಲಿನ ಚರ್ಮ ತೆಳುವಾಗಿ ಒಣಗುತ್ತದೆ. ಅಲ್ಲಿ ಮೊದಲು ಒಳ್ಳೆಯ ಬ್ಯಾಕ್ಟೀರಿಯಾ ಇದ್ದವು, ಮೊಸರಿನಲ್ಲಿ ಇರುವ ಜಾತಿಯವು. ಅವು ಜಾಗವನ್ನು ಹುಳಿಯಾಗಿ ಇಟ್ಟು ಕೆಟ್ಟದ್ದನ್ನು ದೂರ ಇಡುತ್ತಿದ್ದವು. ಚರ್ಮ ಒಣಗಿದಾಗ ಅವು ಹೋಗುತ್ತವೆ, ಕರುಳಿನ ಬ್ಯಾಕ್ಟೀರಿಯಾ ಬಂದು ಜಾಗ ಹಿಡಿಯುತ್ತವೆ. ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಬ್ಯಾಕ್ಟೀರಿಯಾ ಪಾಠ ಮಾಡಿದ್ದೇನೆ. ಇದನ್ನು ಕೇಳಿದ್ದು ಅವತ್ತೇ ಮೊದಲು.

ಇದಕ್ಕೆ ಕ್ರೀಮ್ ಇದೆ. ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಎಸ್ಟ್ರಿಯಾಲ್. ಮುಟ್ಟು ನಿಂತ ಹೆಂಗಸರಿಗೆ ಮತ್ತೆ ಮತ್ತೆ ಇನ್ಫೆಕ್ಷನ್ ಆಗುತ್ತಿದ್ದರೆ ಇದನ್ನು ಕೊಡಿ ಅಂತ ಮೂತ್ರರೋಗ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ನಾಲ್ಕು ಸಲ ಮಾತ್ರೆ ಕೊಟ್ಟವರು ಯಾರೂ ಇದರ ಹೆಸರು ಎತ್ತಿರಲಿಲ್ಲ. ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿ: "ಮೇಡಂ, ಇವರಿಗೆ ಈಸ್ಟ್ರೋಜನ್ ಕ್ರೀಮ್ ಆಗುತ್ತಾ?"

ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಅವ್ವನಿಗೆ ಬರೆದದ್ದು ಹೀಗೆ, ಬಹಳ ಜನಕ್ಕೆ ಹೀಗೇ ಬರೆಯುತ್ತಾರೆ. ಕ್ರೀಮ್ ಜೊತೆ ಒಂದು ಪ್ಲಾಸ್ಟಿಕ್ ನಳಿಗೆ ಬರುತ್ತದೆ. ಅದರಲ್ಲಿ ಗುರುತಿನ ತನಕ ತುಂಬಿ, ಮಲಗಿ ಮಂಡಿ ಮಡಿಸಿ, ಮೆಲ್ಲಗೆ ಒಳಗೆ ಬಿಡಬೇಕು. ಮಂಡಿ ಮಡಿಸಲು ಆಗದವರು ಒಂದು ಬದಿಗೆ ಮಲಗಬಹುದು. ನಳಿಗೆ ಸೇರಿಸಲು ನೋವಾದರೆ ಬೆರಳ ತುದಿಯಲ್ಲಿ ಹಚ್ಚಬಹುದಾ ಅಂತ ಕೇಳಿ. ಅವ್ವನಿಗೆ ಡಾಕ್ಟರಮ್ಮ ಕಡಲೆಕಾಳಿನಷ್ಟು ಕ್ರೀಮನ್ನು ಮೂತ್ರ ಬರುವ ಜಾಗದ ಸುತ್ತ ಹಚ್ಚಿಕೊಳ್ಳಲೂ ಹೇಳಿದರು. ನಳಿಗೆಯನ್ನು ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದು ಒಣಗಿಸಿ ಇಡಿ. ಅವ್ವ ಸೋಮವಾರ, ಗುರುವಾರ ಅಂತ ಇಟ್ಟುಕೊಂಡಿದ್ದಾಳೆ, ಕ್ಯಾಲೆಂಡರ್‌ನಲ್ಲಿ ಚುಕ್ಕಿ ಇಡುತ್ತಾಳೆ.

ಇದು ಉರಿ ಬಂದಾಗ ಹಚ್ಚಿ ಹೋಗಿಸುವ ಮುಲಾಮು ಅಲ್ಲ. ಚರ್ಮ ಮತ್ತೆ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಮೊದಲ ತಿಂಗಳಲ್ಲೇ ಮತ್ತೆ ಒಮ್ಮೆ ಇನ್ಫೆಕ್ಷನ್ ಬಂದರೆ 'ಇದು ಕೆಲಸ ಮಾಡಲಿಲ್ಲ' ಅಂತ ಎಸೆಯಬೇಡಿ. ಹುಷಾರಾದ ಮೇಲೂ ನಿಲ್ಲಿಸಬೇಡಿ, ನಿಲ್ಲಿಸಿದರೆ ಒಣಗುವುದು ಮತ್ತೆ ಶುರು. ಡಬ್ಬಿಯ ಒಳಗಿನ ಚೀಟಿಯಲ್ಲಿ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಅಂತೆಲ್ಲ ಬರೆದಿದ್ದನ್ನು ಓದಿ ನನ್ನ ತಮ್ಮನ ಹೆಂಡತಿ ಗಾಬರಿಯಿಂದ ಫೋನ್ ಮಾಡಿದ್ದಳು. ಆ ಎಚ್ಚರಿಕೆ ಬಹುಮಟ್ಟಿಗೆ ಬಾಯಿಂದ ನುಂಗುವ ಹಾರ್ಮೋನ್ ಮಾತ್ರೆಗಳಿಂದ ಬಂದದ್ದು. ಕ್ರೀಮ್‌ನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಂತ ಎಲ್ಲರೂ ಸುಮ್ನೆ ತಂದು ಹಚ್ಚುವಂತಿಲ್ಲ. ಸ್ತನದ ಕ್ಯಾನ್ಸರ್ ಆಗಿದ್ದವರು ಆ ಡಾಕ್ಟರನ್ನು ಕೇಳದೆ ಬಳಸಬಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದ್ದರೆ ಮೊದಲು ಅದರ ಕಾರಣ ಹುಡುಕಬೇಕು.

ಅವ್ವನಿಗೆ ಕ್ರೀಮ್ ಶುರು ಮಾಡಿ ಈಗ ಒಂದೂವರೆ ವರ್ಷಕ್ಕೂ ಮೇಲಾಯಿತು. ಒಂದೇ ಸಲ ಉರಿ ಬಂದಿದೆ.

ಡಾಕ್ಟರಮ್ಮ ಕಂಡುಹಿಡಿದ ಇನ್ನೊಂದು ವಿಷಯ: ಗರ್ಭಕೋಶ ಸ್ವಲ್ಪ ಜಾರಿತ್ತು. ಐದು ಹೆರಿಗೆ, ಗದ್ದೆ ಕೆಲಸ, ತಲೆ ಮೇಲೆ ಕಬ್ಬಿನ ಸೋಗೆ ಹೊರೆ. ಅವ್ವನಿಗೆ ಅದು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಗರ್ಭಕೋಶ ಜಾರಿದಾಗ ಮೂತ್ರಕೋಶವೂ ಜೊತೆಗೆ ಬಾಗುತ್ತದೆ, ಪೂರ್ತಿ ಖಾಲಿ ಆಗುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟಿದ ಹಾಗೆ, ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸ್ಕ್ಯಾನಿಂಗ್ ಮಾಡಿಸುವಾಗ, ಒಂದಕ್ಕೆ ಹೋಗಿ ಬಂದ ಮೇಲೆ ಎಷ್ಟು ಉಳಿದಿದೆ ಅಂತಲೂ ಅಳೆಯಲು ಹೇಳಿ. ಅವ್ವನಿಗೆ 140 ಎಂಎಲ್ ಉಳಿಯುತ್ತಿತ್ತು.

ಇದಕ್ಕೆ ಮನೆಯಲ್ಲಿ ಮಾಡಿದ್ದು ಎರಡು ಕೆಲಸ. ಮಂಡಿನೋವಿಗೆ ಅವ್ವ ಇಂಡಿಯನ್ ಟಾಯ್ಲೆಟ್‌ನಲ್ಲಿ ಪೂರ್ತಿ ಕೂರದೆ ಅರ್ಧ ಬಗ್ಗಿ ಮುಗಿಸಿ ಬರುತ್ತಿದ್ದಳು. ಹಾಗೆ ನಿಂತರೆ ಸ್ನಾಯು ಸಡಿಲ ಆಗುವುದೇ ಇಲ್ಲ. ಅದರ ಮೇಲೆ ಇಡುವ ಕಮೋಡ್ ಕುರ್ಚಿ ತಂದೆವು. ಪಾದ ಎರಡೂ ನೆಲಕ್ಕೆ ಊರಬೇಕು. ಎರಡನೆಯದು, ಮುಗಿಯಿತು ಅನ್ನಿಸಿದ ತಕ್ಷಣ ಏಳದೆ, ಸ್ವಲ್ಪ ಮುಂದಕ್ಕೆ ಬಾಗಿ ಅರ್ಧ ನಿಮಿಷ ಕೂತು, ಮತ್ತೆ ಒಮ್ಮೆ ಹೋಗುವುದು. ತಿಣುಕಬಾರದು. ಅವ್ವ ಕೂತಲ್ಲೇ ಹತ್ತು ಸಲ 'ಚೆಲುವನಾರಾಯಣ' ಅಂತಾಳೆ, ಅಷ್ಟರಲ್ಲಿ ಇನ್ನೊಂದು ಲೋಟದಷ್ಟು ಬರುತ್ತದೆ. ಜಾರಿದ್ದು ಜಾಸ್ತಿ ಇದ್ದರೆ ಒಳಗೆ ಇಡುವ ರಿಂಗ್ ಇದೆ, ಆಪರೇಷನ್ ಇದೆ. ಅದನ್ನು ಡಾಕ್ಟರ್ ತೀರ್ಮಾನಿಸಲಿ. ಮಲಬದ್ಧತೆ ಇದ್ದರೂ ಮೂತ್ರಕೋಶಕ್ಕೆ ಒತ್ತಿ ಹೀಗೇ ಆಗುತ್ತದೆ. ಸೊಪ್ಪು, ಹುರುಳಿಕಾಳು, ಬೆಳಿಗ್ಗೆ ನಡೆದಾಡುವುದು, ಬೇಕಿದ್ದರೆ ಔಷಧ.

ನೀರಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಹೆಂಗಸರು ನೀರು ಕುಡಿಯದಿರುವುದು ಬಾಯಾರಿಕೆ ಇಲ್ಲದೆ ಅಲ್ಲ, ಹೋಗಲು ಜಾಗ ಇಲ್ಲದೆ. ಗದ್ದೆಯಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ, ಛತ್ರದಲ್ಲಿ ಇದ್ದರೂ ಒಳಗೆ ಕಾಲಿಡಲು ಆಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವ ಮತ್ತು ಅವಳ ಓರಗೆಯವರು ಬಸ್ ಹತ್ತಿ ದೇವಸ್ಥಾನಕ್ಕೆ ಹೋಗುವುದು ಜಾಸ್ತಿ ಆಗಿದೆ, ನನಗೆ ಅದು ತುಂಬಾ ಸಂತೋಷ. ಆದರೆ ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಿದ್ದಳು. 'ಉರಿ' ಅಂತ ಬರೆದಿದ್ದ ನಾಲ್ಕರಲ್ಲಿ ಎರಡು ಇಂಥ ಪ್ರಯಾಣದ ಮಾರನೇ ದಿನ.

ದಿನಕ್ಕೆ ಸುಮಾರು ಒಂದೂವರೆ ಲೀಟರ್‌ನಿಂದ ಎರಡು ಲೀಟರ್ ಸಾಕು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದಾಗ ಇನ್ಫೆಕ್ಷನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವರು ಮುಟ್ಟು ನಿಲ್ಲದ ವಯಸ್ಸಿನವರು, ಆದರೂ ನಮ್ಮ ಅಮ್ಮಂದಿರಿಗೂ ಇದರಿಂದ ನಷ್ಟವಿಲ್ಲ. ಅವ್ವನ ಚೊಂಬು ಅರ್ಧ ಲೀಟರಿನದು. ಬೆಳಿಗ್ಗೆ ಒಂದು, ಮಧ್ಯಾಹ್ನದ ಊಟಕ್ಕೆ ಮೊದಲು ಒಂದು, ಸಂಜೆ ಆರರೊಳಗೆ ಒಂದು. ಮೇಲೆ ಮಜ್ಜಿಗೆ, ಅಂಬಲಿ, ಸಾರು. ಆರರ ಮೇಲೆ ಕಡಿಮೆ ಮಾಡಿದರೆ ರಾತ್ರಿ ಎದ್ದು ಕತ್ತಲಲ್ಲಿ ಬೀಳುವ ಭಯ ಇರುವುದಿಲ್ಲ. ಹಾರ್ಟ್ ವೀಕ್ ಇರುವವರು, ಕಿಡ್ನಿ ತೊಂದರೆಯವರು ಎಷ್ಟು ಕುಡಿಯಬೇಕು ಅಂತ ಡಾಕ್ಟರ್ ಹೇಳಿದ ಲೆಕ್ಕ ಮೀರಬಾರದು.

ಬಾರ್ಲಿ ನೀರು, ಜೀರಿಗೆ ನೀರು, ಕೊತ್ತಂಬರಿ ಬೀಜದ ಕಷಾಯ, ಬಾಳೆದಿಂಡಿನ ಪಲ್ಯ ನಮ್ಮ ಮನೆಯಲ್ಲೂ ನಡೆಯುತ್ತವೆ. ಹೊಟ್ಟೆಗೆ ನೀರು ಹೋಗುತ್ತದೆ, ಮನಸ್ಸಿಗೆ ಹಿತ. ಆದರೆ ಇನ್ಫೆಕ್ಷನ್ ಆದ ಮೇಲೆ ಇವನ್ನೇ ನಂಬಿ ನಾಲ್ಕು ದಿನ ಕಳೆಯಬೇಡಿ. ಎಳನೀರಿನ ಬಗ್ಗೆ ಒಂದು ಎಚ್ಚರಿಕೆ. ಮದ್ದೂರು ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇರುವ ನಮಗೆ ಅದು ಎಲ್ಲ ಉಷ್ಣಕ್ಕೂ ಮದ್ದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ವೀಕ್ ಇದ್ದವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತಿನ್ನುವವರಿಗೆ ದಿನಾ ಕುಡಿದರೆ ಅಪಾಯ ಆಗಬಹುದು.

ಶುಗರ್ ಇದ್ದರೆ ಅದು ಹತೋಟಿಯಲ್ಲಿ ಇರಲೇಬೇಕು. 'ಗ್ಲಿಫ್ಲೋಜಿನ್' ಅಂತ ಹೆಸರು ಮುಗಿಯುವ ಶುಗರ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಅದರಿಂದ ಕೆಲವರಿಗೆ ಅಲ್ಲಿ ತುರಿಕೆ, ಫಂಗಸ್ ಬರುತ್ತದೆ. ಹಾರ್ಟ್‌ಗೂ ಕಿಡ್ನಿಗೂ ಅವು ಒಳ್ಳೆಯ ಮಾತ್ರೆಗಳೇ, ಆದ್ದರಿಂದ ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ ಕೇಳಿ.

ತೊಳೆಯುವುದು ಮುಂದಿನಿಂದ ಹಿಂದಕ್ಕೆ, ಬರೀ ನೀರಿನಲ್ಲಿ. ಡೆಟಾಲ್, ಪರಿಮಳದ ಸೋಪು, ಒಳಗೆ ತೊಳೆಯುವ ವಾಶ್ ಯಾವುದೂ ಬೇಡ. ಮೂತ್ರ ಸೋರುವವರು ಪ್ಯಾಡ್ ಒದ್ದೆಯಾದ ಕೂಡಲೇ ಬದಲಾಯಿಸಲಿ. ಅಷ್ಟೇ ಸಾಕು.

ಕ್ರ್ಯಾನ್‌ಬೆರಿ (ಒಂದು ಹುಳಿ ಹಣ್ಣು) ಮಾತ್ರೆಯಿಂದ ಕೆಲವು ಹೆಂಗಸರಿಗೆ ಸ್ವಲ್ಪ ಉಪಯೋಗ ಕಂಡಿದೆ, ಬಂದ ಇನ್ಫೆಕ್ಷನ್ ಅದರಿಂದ ಹೋಗುವುದಿಲ್ಲ. ಜ್ಯೂಸ್‌ನಲ್ಲಿ ಸಕ್ಕರೆ, ಅದು ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಿನ್ನುವವರು ಕೇಳದೆ ತೆಗೆದುಕೊಳ್ಳಬಾರದು. ಡಿ-ಮ್ಯಾನೋಸ್ ಎಂಬ ಒಂದು ಬಗೆಯ ಸಕ್ಕರೆ ಪುಡಿಯನ್ನು ಇದಕ್ಕೇ ಅಂತ ಜೋರಾಗಿ ಮಾರುತ್ತಾರೆ. ಬ್ರಿಟನ್ನಿನಲ್ಲಿ ಮಾಡಿ 2024ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ, ನಾನು ಆ ದುಡ್ಡು ಉಳಿಸಿದೆ. ಕ್ರೀಮ್, ನೀರು ಎಲ್ಲಾ ಆದ ಮೇಲೂ ಬರುತ್ತಿದ್ದರೆ ಮೀಥೆನಮಿನ್ ಅಂತ ಒಂದು ಮಾತ್ರೆ ಇದೆ, ಅದು ಆಂಟಿಬಯೋಟಿಕ್ ಅಲ್ಲ. ದಿನಾ ಸಣ್ಣ ಡೋಸ್ ಆಂಟಿಬಯೋಟಿಕ್ ಕೊಡುವಷ್ಟೇ ಹೆಚ್ಚುಕಡಿಮೆ ಅದೂ ತಡೆಯುತ್ತದೆ ಅಂತ 2022ರ ಒಂದು ಬ್ರಿಟಿಷ್ ಅಧ್ಯಯನ ತೋರಿಸಿತು. ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊನೆಯ ದಾರಿ. ಅದರಲ್ಲೂ ನೈಟ್ರೋಫ್ಯುರಾಂಟೊಯಿನ್ ತುಂಬಾ ದಿನ ನಡೆದರೆ ಶ್ವಾಸಕೋಶ, ಲಿವರ್ ಮೇಲೆ ಕಣ್ಣಿಟ್ಟಿರಬೇಕು. ಕೆಮ್ಮು, ಏದುಸಿರು ಬಂದರೆ ಹೇಳಬೇಕು.

ಈ ವರ್ಷ ಅವ್ವ ಮೇಲುಕೋಟೆ ವೈರಮುಡಿಗೆ ಹೋಗಲೇಬೇಕು ಅಂದಳು. ಅದು ರಾತ್ರಿ ನಡೆಯುವ ಉತ್ಸವ, ಜನವೋ ಜನ. ನಾನೂ ಜೊತೆಗೆ ಹೋದೆ. ಮಧ್ಯಾಹ್ನದ ತನಕ ಮಾಮೂಲಿನಂತೆ ನೀರು ಕುಡಿಸಿದೆ. ಮೇಲುಕೋಟೆಯಲ್ಲಿ ಗೊತ್ತಿದ್ದವರ ಮನೆಯವರಿಗೆ ಎರಡು ದಿನ ಮೊದಲೇ ಫೋನ್ ಮಾಡಿ, ಬಚ್ಚಲು ಬಳಸಲು ಬರುತ್ತೇವೆ ಅಂತ ಹೇಳಿದ್ದೆ. ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಸಣ್ಣ ಚೊಂಬು, ಬದಲಿಗೆ ಒಂದು ಲಂಗ, ಟಾರ್ಚ್, ಕಲ್ಚರ್ ವರದಿಯ ಜೆರಾಕ್ಸ್. ಮೂರು ಗಂಟೆಗೊಮ್ಮೆ, ಬರಲಿ ಬಿಡಲಿ, ಕರೆದುಕೊಂಡು ಹೋದೆ. ಬಚ್ಚಲಿಗೆ ಅಂತ ಮೊದಲ ಸಲ ಹೋದಾಗ ಆ ಮನೆಯ ಸೊಸೆಯೇ ಬಿಸಿನೀರು ತಂದಿಟ್ಟು, ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು, "ಅಕ್ಕ, ನಮ್ಮತ್ತೆಗೂ ಹಿಂಗೇ ಆಯ್ತದೆ, ಆ ಕ್ರೀಮ್ ಹೆಸರು ಬರೆದುಕೊಡ್ತೀರಾ?" ಅಂತ ಕೇಳಿದಳು. ಬರೆದುಕೊಟ್ಟೆ. ಕೆಳಗೆ 'ಮೊದಲು ಡಾಕ್ಟರಿಗೆ ತೋರಿಸಿ, ಕಲ್ಚರ್ ಮಾಡಿಸಿ' ಅಂತಲೂ ಬರೆದೆ.